ಗುಡ್ಡ ಹತ್ತಿದ ಊರು

ಬಾಗಲಕೋಟೆಗೆ ಕಾಗದ ಹಾಕುವವರು ವಿಳಾಸದ ಕೊನೆಯಲ್ಲಿ ಯಾವ ಬಾಗಲಕೋಟೆ ಅನ್ನುವುದನ್ನು ತಿಳಿಸಬೇಕು. 587101 ಅಂದರೆ ಘಟಪ್ರಭಾ ದಂಡೆಯ ಹಳೆ ಊರು. 587102 ಅಂದರೆ ವಿದ್ಯಾಗಿರಿ. 587103 ಅಂದರೆ ನವನಗರ. ಮೂರೂ ಸೇರಿದರೇನೇ ಬಾಗಲಕೋಟೆ. ಹಳೆ ಊರಿನ ದೊಡ್ಡ ಪಾಲು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ನವನಗರ ನಕ್ಷೆ ಬರೆದು ಕಟ್ಟಿದ್ದು. ನಡುವಿನ ವಿದ್ಯಾಗಿರಿಯನ್ನು ಮಾತ್ರ ನೀರು ಮುಟ್ಟಲಿಲ್ಲ, ಸರಕಾರವೂ ಹೊಸದಾಗಿ ಕಟ್ಟಿಕೊಡಬೇಕಾಗಲಿಲ್ಲ. ಅದು ಕಾಲೇಜುಗಳಿಂದ ಎದ್ದು ನಿಂತ ದಿಬ್ಬ. ಹಳೆ ಊರಿನಿಂದ ನವನಗರಕ್ಕೆ ಹೊರಟರೆ ಅದನ್ನು ದಾಟಿಯೇ ಹೋಗಬೇಕು.

ಬೇವೂರು, ಕಮತಗಿ, ಶಿರೂರು, ರಾಂಪುರ ಕಡೆಯ ನಮ್ಮಂಥವರಿಗೆ ‘ಬಾಗಲಕೋಟಿಗೆ ಹಾಕೇವಿ’ ಅಂದರೆ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಿದ್ದೇವೆ ಅಂತಲೇ ಅರ್ಥ. ಊರಿನ ಹೆಸರು ಹೇಳಿದರೆ ಸಾಕು, ಕಾಲೇಜಿನ ಹೆಸರು ಬೇರೆ ಹೇಳಬೇಕಿಲ್ಲ. ಸಂತೆಗೆ, ಕೋರ್ಟಿಗೆ, ದವಾಖಾನೆಗೆ ಹೋಗುವವರೂ ಅಲ್ಲಿಗೇ ಹೋಗುತ್ತಾರೆ. ಆದರೆ ‘ಹಾಕುವುದು’ ಓದುವ ಮಕ್ಕಳನ್ನು ಮಾತ್ರ.

ಅಮೆರಿಕದ ನಡುನಾಡಿನ ರಾಜ್ಯಗಳಲ್ಲಿ ಕಾಲೇಜೇ ಉಸಿರಾಗಿರುವ ಸಣ್ಣ ಊರುಗಳು ಬಹಳ ಇವೆ. ಓಹಾಯೋ ರಾಜ್ಯದ ಓಬರ್ಲಿನ್ ಅಂಥದೊಂದು. 1833ರಲ್ಲಿ ಇಬ್ಬರು ಧರ್ಮಬೋಧಕರು ಕಾಡು ಕಡಿಸಿ ಊರನ್ನೂ ಕಾಲೇಜನ್ನೂ ಒಟ್ಟಿಗೇ ಆರಂಭಿಸಿದರು. ಹೆಣ್ಣುಮಕ್ಕಳಿಗೂ ಕಪ್ಪು ಜನರಿಗೂ ಬಾಗಿಲು ತೆರೆದ ಮೊದಲ ಕಾಲೇಜುಗಳಲ್ಲಿ ಅದೂ ಒಂದು. ಅಂಥ ಊರುಗಳ ಚೆಲುವಿನ ಬಗ್ಗೆ ಅಲ್ಲಿನವರು ಪುಸ್ತಕಗಟ್ಟಲೆ ಬರೆದುಕೊಂಡಿದ್ದಾರೆ. ಬಾಗಲಕೋಟೆಯ ಕಥೆ ಅದಕ್ಕೆ ಹತ್ತಿರದ್ದೇ, ಆದರೆ ನಡೆದ ಕ್ರಮ ತಲೆಕೆಳಗು. ಓಬರ್ಲಿನ್‌ನಲ್ಲಿ ಕಾಲೇಜೂ ಊರೂ ಜೊತೆಯಲ್ಲೇ ಹುಟ್ಟಿದವು. ಇಲ್ಲಿ ಶತಮಾನಗಳ ಹಳೆಯ ಪೇಟೆ ತನ್ನ ಮಕ್ಕಳಿಗಾಗಿ ಗುಡ್ಡದ ಮೇಲೆ ಕಾಲೇಜು ಕಟ್ಟಿತು. ಕೆಲವು ದಶಕಗಳ ನಂತರ ನೀರು ಬಂದಾಗ ಆ ಪೇಟೆಯೇ ಮೇಲೆದ್ದು ಕಾಲೇಜಿನ ಮಗ್ಗುಲಿಗೆ ಬಂದು ಕೂತಿತು.

ಮದುವೆಗೆ ಐದು ನಾಣ್ಯ

ಊರು ತನ್ನ ಕಿಸೆಯಿಂದ ವಿದ್ಯಾಶಾಲೆ ನಡೆಸುವುದು ಈ ಸೀಮೆಗೆ ಹೊಸದೇನಲ್ಲ. ಹಳೆಯ ವಿಜಾಪುರ ಜಿಲ್ಲೆಯ ಉತ್ತರ ತುದಿಗೆ, ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಅನ್ನುವ ಊರಿದೆ. ಹಿಂದೆ ಅದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಕ್ರಿ.ಶ. 945ರ ಶಾಸನದಲ್ಲಿ ಅದರ ವಿವರವಿದೆ. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳು ಉಳಿದುಕೊಳ್ಳಲು 27 ಮನೆಗಳು. ದೀಪದ ಎಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿ. ಇಷ್ಟನ್ನು ಒಬ್ಬ ಮಂತ್ರಿಯ ದಾನ ಅಂದುಕೊಳ್ಳಬಹುದು. ಆದರೆ ಶಾಸನ ಮುಂದುವರಿದು ಊರಿನವರ ಪಾಲನ್ನೂ ಹೇಳುತ್ತದೆ. ಮನೆಯಲ್ಲಿ ಮದುವೆ ನಡೆದರೆ ಶಾಲೆಗೆ ಐದು ನಾಣ್ಯ ಕೊಡಬೇಕು. ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲೂ ಅರ್ಧ.

ಸಾವಿರ ವರ್ಷಕ್ಕೂ ಹಿಂದಿನ ಈ ವ್ಯವಸ್ಥೆ ಎಷ್ಟು ಸೊಗಸಾಗಿದೆ ನೋಡಿ. ಮದುವೆ ಮನೆಯವರ ಕೈಯಲ್ಲಿ ಅಂದು ಹೇಗೂ ದುಡ್ಡು ಓಡಾಡುತ್ತಿರುತ್ತದೆ, ಮನಸ್ಸೂ ಸಂತೋಷದಲ್ಲಿರುತ್ತದೆ. ಕೇಳುವುದಕ್ಕೆ ಅದೇ ಸರಿಯಾದ ಹೊತ್ತು. ಕಂದಾಯದಂತೆ ಕೀಳದೆ, ಸಂಭ್ರಮದೊಳಗಿಂದ ಶಾಲೆಯ ಪಾಲು ತೆಗೆದಿಟ್ಟ ಆ ಊರಿನ ಹಿರಿಯರ ಬುದ್ಧಿಗೆ ನಾನು ಕೈಮುಗಿಯುತ್ತೇನೆ.

ಕೂಡಲಸಂಗಮ ನಮಗೆ ಇನ್ನೂ ಹತ್ತಿರ. ಹುನಗುಂದ ತಾಲ್ಲೂಕಿನಲ್ಲಿ ಕೃಷ್ಣಾ, ಮಲಪ್ರಭಾ ಕೂಡುವ ಜಾಗ. ಬಾಗೇವಾಡಿಯಲ್ಲಿ ಮನೆ ಬಿಟ್ಟ ಬಾಲಕ ಬಸವಣ್ಣ ಓದಲು ಬಂದದ್ದು ಇಲ್ಲಿಗೇ, ಜಾತವೇದ ಮುನಿಗಳ ಬಳಿಗೆ ಎಂದು ಪರಂಪರೆ ಹೇಳುತ್ತದೆ. ಇಂದು ಈ ಜಿಲ್ಲೆಯಲ್ಲಿ ಎಷ್ಟೋ ಶಾಲೆ, ಕಾಲೇಜುಗಳ ಫಲಕದ ಮೇಲೆ ಬಸವೇಶ್ವರನ ಹೆಸರಿದೆ. ಅವನನ್ನು ಧರ್ಮದ ನಾಯಕನೆಂದು ನೆನೆಯುವ ನಾವು, ಅವನು ಇದೇ ನೆಲದಲ್ಲಿ ಪರಊರಿನಿಂದ ಬಂದ ಓದುವ ಹುಡುಗನಾಗಿದ್ದ ಎಂಬುದನ್ನೂ ನೆನಪಿಡಬೇಕು. ಸಂಗಮಕ್ಕೂ ಹಿನ್ನೀರು ಬಂತು. ಅದು ನಾರಾಯಣಪುರದ ಬಸವಸಾಗರದ ನೀರು. ಅಲ್ಲಿನ ಬಸವಣ್ಣನ ಐಕ್ಯಮಂಟಪವನ್ನು ಸುತ್ತ ಗೋಡೆ ಎತ್ತಿ ಉಳಿಸಿಕೊಂಡಿದ್ದಾರೆ. ಈಗ ಮೆಟ್ಟಿಲಿಳಿದು, ಬಾವಿಯ ತಳಕ್ಕೆ ಹೋದಂತೆ ಹೋಗಿ ದರ್ಶನ ಮಾಡಬೇಕು.

1906

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬೈ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಹೆಚ್ಚಿನ ಓದು ಅಂದರೆ ಊರು ಬಿಡುವುದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ, ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು 1933ರಲ್ಲಿ. ಅದಕ್ಕೂ ಮುಂಚೆ ಪುಣೆಯ ಫರ್ಗ್ಯುಸನ್, ಕೊಲ್ಹಾಪುರದ ರಾಜಾರಾಮ ಕಾಲೇಜುಗಳೇ ಗತಿ. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ಮೇಲುಗೈ ಇದ್ದ ಕಾಲ ಅದು. ಒಕ್ಕಲುತನದ ಮನೆಯ, ನೇಕಾರಿಕೆಯ ಮನೆಯ ಹುಡುಗನಿಗೆ ಇಷ್ಟು ದೂರ ಹೋಗುವ ದಾರಿ ಎಲ್ಲಿಂದ ಬರಬೇಕು?

ಆ ಹೊತ್ತಿಗೆ ಈ ಕಡೆ ಒಂದು ಎಚ್ಚರ ಹಬ್ಬುತ್ತಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1906ರಲ್ಲಿ ಬೀಳೂರಿನ ಗುರುಬಸವ ಮಹಾಸ್ವಾಮಿಗಳ ಪ್ರೇರಣೆಯಿಂದ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ. ಜನರ ಬಾಯಲ್ಲಿ ಬಿ.ವಿ.ವಿ. ಸಂಘ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟಿದರು. 1910ರಲ್ಲಿ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರ ಬಿ.ಎಲ್.ಡಿ.ಇ., 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರ ಕೆ.ಎಲ್.ಇ. ಇಪ್ಪತ್ತಾರು ವರ್ಷದೊಳಗೆ ಒಂದು ನಾಡು ತನ್ನ ಓದಿನ ಅಡಿಪಾಯವನ್ನು ತಾನೇ ಹಾಕಿಕೊಂಡಿತು. ಸರಕಾರದ ಆದೇಶಕ್ಕೆ ಯಾರೂ ಕಾಯಲಿಲ್ಲ. ಸ್ವಾಮಿಗಳು ಜೋಳಿಗೆ ಹಿಡಿದರು, ವರ್ತಕರು ಗಂಟು ಬಿಚ್ಚಿದರು, ಒಕ್ಕಲಿಗರು ಕಾಳು ಅಳೆದರು. ಸಮುದಾಯದ ಹೆಸರಿನಲ್ಲಿ ಹುಟ್ಟಿದ ಈ ಸಂಸ್ಥೆಗಳ ಬೆಂಚುಗಳ ಮೇಲೆ ಕಾಲ ಸರಿದಂತೆ ಎಲ್ಲ ಸಮುದಾಯದ ಮಕ್ಕಳೂ ಬಂದು ಕೂತರು. ನನ್ನ ಮಟ್ಟಿಗೆ ಅವುಗಳ ದೊಡ್ಡ ಗೆಲುವು ಅದು.

ಬಿ.ವಿ.ವಿ. ಸಂಘ ಇಂದು ನೂರಕ್ಕೂ ಹೆಚ್ಚು ಸಂಸ್ಥೆ ನಡೆಸುತ್ತಿದೆ. ಶಿಶುವಿಹಾರದಿಂದ ವೈದ್ಯಕೀಯ ಕಾಲೇಜಿನವರೆಗೆ. ಆದರೆ ಈ ಊರಿನ ಹಣೆಬರಹವನ್ನು ಬದಲಿಸಿದ್ದು 1960ರ ದಶಕದ ಒಂದು ಸಂಸ್ಥೆ, ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು.

1962ರ ರಾಜಕೀಯವನ್ನು ಇಲ್ಲಿ ಹೇಳಲೇಬೇಕು. ಆ ವರ್ಷದ ಚುನಾವಣೆಯಲ್ಲಿ, ಮುಖ್ಯಮಂತ್ರಿಯಾಗಬೇಕಿದ್ದ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಹುನಗುಂದದ ಶಾಸಕರಾಗಿದ್ದ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರಿಗೆ ಬಾಗಲಕೋಟೆ ಕ್ಷೇತ್ರ ತೆರವಾಯಿತು, ಅವರು ಇಲ್ಲಿಂದ ಆರಿಸಿ ಬಂದರು. ಕಂಠಿಯವರು ಕೆಲವೇ ತಿಂಗಳಲ್ಲಿ ಕುರ್ಚಿ ಬಿಟ್ಟುಕೊಟ್ಟರು. ಅಧಿಕಾರವನ್ನು ಇಷ್ಟು ನಿರಾಳವಾಗಿ ಬಿಟ್ಟುಕೊಟ್ಟ ಇನ್ನೊಬ್ಬರನ್ನು ಕರ್ನಾಟಕದ ರಾಜಕಾರಣದಲ್ಲಿ ಹುಡುಕುವುದು ಕಷ್ಟ. ನಿಜಲಿಂಗಪ್ಪನವರ ಸಂಪುಟದಲ್ಲಿ ಅವರು ಶಿಕ್ಷಣ ಸಚಿವರಾದರು. ಮರುವರ್ಷ, 1963ರಲ್ಲಿ, ಬಾಗಲಕೋಟೆಗೆ ಎಂಜಿನಿಯರಿಂಗ್ ಕಾಲೇಜು ಬಂತು. ಹುಬ್ಬಳ್ಳಿಯ ಬಿ.ವಿ.ಬಿ. 1947ರದ್ದು, ಕಲಬುರಗಿಯ ಪಿ.ಡಿ.ಎ. 1958ರದ್ದು. ಉತ್ತರ ಕರ್ನಾಟಕದ ಮೂರನೆಯದು ಜಿಲ್ಲಾ ಕೇಂದ್ರವೂ ಆಗಿರದ ಈ ತಾಲ್ಲೂಕು ಊರಿಗೆ ಬಂತು.

ಕಾಲೇಜಿಗೆ ಬೇಕಾದಷ್ಟು ಜಾಗ ಇಕ್ಕಟ್ಟಿನ ಪೇಟೆಯಲ್ಲಿ ಸಿಗುವುದು ಹೇಗೆ? ಊರಾಚೆಯ ಎತ್ತರದ ನೆಲಕ್ಕೆ ಹೋದರು. ಆ ದಿಬ್ಬವೇ ವಿದ್ಯಾಗಿರಿ. ಸುತ್ತ ಹಾಸ್ಟೆಲುಗಳು, ಪ್ರಾಧ್ಯಾಪಕರ ಮನೆಗಳು, ಖಾನಾವಳಿಗಳು, ಜೆರಾಕ್ಸ್ ಅಂಗಡಿಗಳು ಒಂದೊಂದಾಗಿ ಬಂದವು. ಪೇಟೆಯವರಿಗೆ ಆಗ ಅದು ಊರ ಹೊರಗಿನ ಜಾಗ.

ಕಾಲೇಜು ಶುರುವಾದ ಮರುವರ್ಷ, 1964ರ ಮೇ 22ರಂದು, ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿನ ಅಡಿಗಲ್ಲು ಹಾಕಿದರು.

ಬುತ್ತಿ ಹೊತ್ತ ಬಸ್ಸು

ಕಾಲೇಜು ಊರಿನ ಇತಿಹಾಸವನ್ನು ಬರೀ ಸಂಸ್ಥೆಗಳ ಹೆಸರಿನಿಂದ ಹೇಳಿದರೆ ಅನ್ನ ಬಿಟ್ಟು ಎಲೆ ಬಣ್ಣಿಸಿದ ಹಾಗೆ. ಹಳ್ಳಿಯ ಹುಡುಗರು ಇಲ್ಲಿ ಉಂಡದ್ದು ಏನು?

ಮೊದಮೊದಲು ವಾರಾನ್ನ. ಪೇಟೆಯ ಏಳು ಮನೆಗಳಲ್ಲಿ ವಾರಕ್ಕೊಂದು ದಿನದಂತೆ ಊಟ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆಮೇಲೆ ಮಠಗಳ ಪ್ರಸಾದನಿಲಯ, ಬೋರ್ಡಿಂಗು. ಅದರ ನಂತರ ಬಂದದ್ದು ಬುತ್ತಿ, ನಮ್ಮ ಭಾಗದ ವಿಶೇಷ.

ನಾಲ್ಕೈದು ಹುಡುಗರು ಸೇರಿ ಒಂದು ರೂಮು ಹಿಡಿಯುತ್ತಿದ್ದರು. ಅಡಿಗೆಯ ಗೊಡವೆ ಇಲ್ಲ. ಹಳ್ಳಿಯಲ್ಲಿ ಅವ್ವ ನಸುಕಿಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ, ಸೇಂಗಾದ ಹಿಂಡಿ, ಒಂದು ಉಳ್ಳಾಗಡ್ಡಿ. ಇಷ್ಟನ್ನು ಅಲ್ಯುಮಿನಿಯಂ ಡಬ್ಬಿಗೋ ಬುಟ್ಟಿಗೋ ತುಂಬಿ ಮಾಸಿದ ಧೋತರದ ತುಂಡಿನಲ್ಲಿ ಕಟ್ಟುವುದು. ಗಂಟಿನ ಮೇಲೆ ಗುರುತಿಗೊಂದು ಬಣ್ಣದ ದಾರ. ಮೊದಲ ಬಸ್ಸು ಬಂದಾಗ ಅಪ್ಪನೋ ತಮ್ಮನೋ ಓಡಿ ಹೋಗಿ ಡ್ರೈವರನ ಹಿಂದಿನ ಜಾಗದಲ್ಲಿ, ಇಲ್ಲವೆ ಎಂಜಿನ್ ಬಾನೆಟ್ಟಿನ ಮೇಲೆ ಇಟ್ಟು ಬರುತ್ತಿದ್ದರು. ಬಾನೆಟ್ಟಿನ ಕಾವಿಗೆ ಪಲ್ಯ ಬಿಸಿಯಾಗಿಯೇ ಇರುತ್ತಿತ್ತು. ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ಹುಡುಗರು ಕಾಯ್ದಿರುತ್ತಿದ್ದರು. ಬಸ್ಸು ನಿಂತ ಕೂಡಲೇ ಕೆಂಪು ದಾರದ್ದು ನಂದು, ಹಳದಿ ದಾರದ್ದು ನಿಂದು. ನಿನ್ನೆಯ ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ವಾಪಸು.

ಆ ಡಬ್ಬಿಯೊಳಗೆ ಚೀಟಿಗಳೂ ಓಡಾಡುತ್ತಿದ್ದವು. ಫೀ ತುಂಬುವ ತಾರೀಖು, ಎಮ್ಮೆ ಈದ ಸುದ್ದಿ, ಜಾತ್ರೆಗೆ ಬಾ ಅನ್ನುವ ಮಾತು. ಓದು ಬರದ ತಾಯಿ ಚೀಟಿಯ ಬದಲು ಕರದಂಟಿನ ತುಂಡೊಂದನ್ನು ರೊಟ್ಟಿಯ ನಡುವೆ ಇಡುತ್ತಿದ್ದಳು. ಅಮೀನಗಡದ ಕರದಂಟು ರೊಟ್ಟಿಯ ಸೆಕೆಗೆ ಕರಗಿ ಅಂಟಿಕೊಂಡಿರುತ್ತಿತ್ತು. ಅದನ್ನು ಕೆರೆದು ತಿಂದವರು ಇಂದು ಎಲ್ಲೆಲ್ಲೋ ದೊಡ್ಡ ಹುದ್ದೆಯಲ್ಲಿದ್ದಾರೆ. ಬುತ್ತಿಗೆ ಟಿಕೆಟ್ ಕೇಳದ ಕಂಡಕ್ಟರುಗಳು, ಗಂಟು ಬೀಳದಂತೆ ಒಂದು ಕೈ ಹಿಡಿದು ಗಾಡಿ ಓಡಿಸಿದ ಡ್ರೈವರುಗಳು ಉತ್ತರ ಕರ್ನಾಟಕದ ಉನ್ನತ ಶಿಕ್ಷಣಕ್ಕೆ ಮಾಡಿದ ಉಪಕಾರವನ್ನು ಯಾವ ಸಂಘದ ಶತಮಾನೋತ್ಸವ ಸಂಚಿಕೆಯಲ್ಲಾದರೂ ಒಂದು ಪುಟದಲ್ಲಿ ಬರೆಯಬೇಕು.

ಪದವಿ ಸರ್ಟಿಫಿಕೇಟಿನ ಮೇಲಿನ ಊರು ಬದಲಾದ ಬಗೆಯೂ ಒಂದು ಕಥೆ. ಈ ಭಾಗದ ಅಜ್ಜಂದಿರ ಪದವಿ ಮುಂಬೈ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಮಕ್ಕಳದು ಧಾರವಾಡದ್ದು. 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಈಗ ಜಮಖಂಡಿಯಲ್ಲಿ ಬಾಗಲಕೋಟೆಯದೇ ಹೆಸರಿನ ವಿಶ್ವವಿದ್ಯಾಲಯವಿದೆ. ನೂರು ವರ್ಷದಲ್ಲಿ ವಿಶ್ವವಿದ್ಯಾಲಯ ಸಮುದ್ರದ ದಂಡೆಯಿಂದ ನಮ್ಮ ಜಿಲ್ಲೆಯೊಳಗೇ ಬಂದಿದೆ.

ಪೇಟೆಗಳು

ಕಾಲೇಜಿನ ಹುಡುಗರಿಗೆ ಊರು ಅಂದರೆ ಕೆಳಗಿನ ಪೇಟೆಗಳು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಹತ್ತಿ, ಕಾಳು, ಬಟ್ಟೆಯ ವ್ಯಾಪಾರದ ಇಕ್ಕಟ್ಟಾದ ಓಣಿಗಳು. ಮುಂದೆ ಅಂಗಡಿ, ಹಿಂದೆ ಮನೆ. ವಿಜಯನಗರ, ಆದಿಲಶಾಹಿ, ಸವಣೂರು, ಪೇಶ್ವೆಗಳ ಆಳ್ವಿಕೆ ಕಂಡ ಊರು ಇದು. 1818ರಲ್ಲಿ ಇಂಗ್ಲಿಷರ ಕೈಗೆ ಬಂತು. ಹಳೆಯ ಶಾಸನಗಳಲ್ಲಿ ಇದಕ್ಕೆ ಬಾಗಡಗೆ ಎಂದು ಹೆಸರು.

ಹೋಳಿ ಹುಣ್ಣಿಮೆ ಬಂತೆಂದರೆ ಈ ಪೇಟೆಗಳು ಬೇರೆಯೇ ಆಗುತ್ತಿದ್ದವು. ಬಾಗಲಕೋಟೆಯ ಹೋಳಿಗೆ ನಾಡಿನಲ್ಲೇ ಹೆಸರು. ಅನೇಕ ಕಡೆ ಒಂದೇ ದಿನಕ್ಕೆ ಮುಗಿಯುವ ಬಣ್ಣದಾಟ ಇಲ್ಲಿ ದಿನಗಟ್ಟಲೆ ನಡೆಯುತ್ತದೆ. ಪ್ರತಿ ಪೇಟೆಗೂ ತನ್ನದೇ ಹಲಗಿ ಮೇಳ, ತನ್ನದೇ ಸರದಿ. ಬಣ್ಣದ ನೀರು ತುಂಬಿದ ಬ್ಯಾರೆಲ್ಲುಗಳನ್ನು ಚಕ್ಕಡಿಯ ಮೇಲೆ ಹೇರಿಕೊಂಡು, ಈಚೆಗೆ ಟ್ರ್ಯಾಕ್ಟರಿನಲ್ಲಿ, ಒಂದು ಪೇಟೆಯವರು ಇನ್ನೊಂದರ ಮೇಲೆ ಏರಿ ಹೋಗುತ್ತಾರೆ. ಹಲಗಿಯ ಸದ್ದಿಗೆ ಗುಡ್ಡದ ಮೇಲಿನ ಹಾಸ್ಟೆಲುಗಳಲ್ಲಿ ಪುಸ್ತಕ ಹಿಡಿದು ಕೂರುವುದು ಆಗದ ಮಾತು. ಪರೀಕ್ಷೆ ಎದುರಿಗಿದ್ದರೂ ಹುಡುಗರು ಇಳಿದು ಬಂದು, ಯಾವ ಪೇಟೆಯ ಹುಡುಗಿ ಅಥವಾ ಗೆಳೆಯನ ಮೇಲೆ ಪ್ರೀತಿಯೋ ಆ ಪೇಟೆಯ ಕಡೆಯಿಂದ ಬಣ್ಣವಾಡುತ್ತಿದ್ದರು.

ಈ ಪೇಟೆಗಳಿಗೆ ನೀರು ಏಕಾಏಕಿ ಬರಲಿಲ್ಲ. ಅದಕ್ಕೇ ಆ ನೋವು ದೊಡ್ಡದು. ಅಡಿಗಲ್ಲು ಬಿದ್ದ ಮೇಲೆ ಮೂರೂವರೆ ದಶಕ ಊರು ಕಾಯಿತು. ಮುಳುಗುತ್ತದೆ ಎಂದು ಗೊತ್ತಿರುವ ಮನೆಗೆ ಸುಣ್ಣ ಬಳಿಯುವುದೋ ಬೇಡವೋ? ಮಗನ ಮದುವೆಗೆ ಹೊಸ ಕೋಣೆ ಇಳಿಸುವುದೋ ಬೇಡವೋ? ಅಳತೆಗೆ ಅಧಿಕಾರಿಗಳು ಬಂದರು, ಗೋಡೆಗಳ ಮೇಲೆ ನಂಬರು ಬಿದ್ದವು, ಪರಿಹಾರದ ಕೇಸುಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತವು. ಕೊನೆಗೆ ಜನ ತಮ್ಮ ಮನೆಯನ್ನು ತಾವೇ ಬಿಚ್ಚಿದರು. ಸಾಗವಾನಿ ತೊಲೆ, ಬಾಗಿಲ ಚೌಕಟ್ಟು, ದೇವರ ಮಾಡದ ಕಲ್ಲು, ಸಾಧ್ಯವಾದದ್ದೆಲ್ಲವನ್ನೂ ಹೊತ್ತು ಮೇಲೆ ಹತ್ತಿದರು.

ಹೊಸ ಊರು ಕಟ್ಟಲು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಬಂತು. ನವನಗರದ ಯೋಜನೆಯಲ್ಲಿ ನವಿ ಮುಂಬೈಯನ್ನು ರೂಪಿಸಿದವರಲ್ಲಿ ಒಬ್ಬರಾದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕೈ ಆಡಿಸಿದ್ದಾರೆ. ಅಗಲದ ರಸ್ತೆ, ಅಂಕಿಯ ಸೆಕ್ಟರು, ಉದ್ಯಾನದ ಜಾಗ. ಇಕ್ಕಟ್ಟಿನ ಓಣಿಯಲ್ಲಿ ಕಟ್ಟೆಯಿಂದ ಕಟ್ಟೆಗೆ ಮಾತಾಡಿ ಬೆಳೆದವರಿಗೆ ಆ ಅಗಲ ಮೊದಲಿಗೆ ಅನಾಥವೆನ್ನಿಸಿತು. ಪೇಟೆಯ ಹೆಸರು ಹೇಳಿ ಬದುಕಿದವರು ಸೆಕ್ಟರಿನ ನಂಬರು ಹೇಳಿ ಬದುಕುವುದನ್ನು ಕಲಿಯಬೇಕಾಯಿತು.

ಇಲ್ಲಿಯೇ ವಿದ್ಯಾಗಿರಿ ಕೈಹಿಡಿಯಿತು. ನನ್ನ ಈ ಲೇಖನದ ಮುಖ್ಯ ಮಾತೂ ಅದೇ. ಮುಳುಗಿದ ಊರುಗಳ ಜನ ಸಾಮಾನ್ಯವಾಗಿ ಚದುರಿಹೋಗುತ್ತಾರೆ. ಪರಿಹಾರದ ದುಡ್ಡು ಹಿಡಿದು ಒಬ್ಬರು ಹುಬ್ಬಳ್ಳಿಗೆ, ಒಬ್ಬರು ಸೊಲ್ಲಾಪುರಕ್ಕೆ, ಒಬ್ಬರು ಬೆಂಗಳೂರಿಗೆ. ಬಾಗಲಕೋಟೆಯಿಂದಲೂ ಹೋದರು. ಆದರೆ ಊರು ಚದುರಲಿಲ್ಲ. ಹಳೆ ಪೇಟೆಗೂ ಹೊಸ ನಗರಕ್ಕೂ ನಡುವೆ ಆಗಲೇ ಕಾಲೇಜುಗಳಿದ್ದವು, ಮಕ್ಕಳು ಅಲ್ಲಿಯೇ ಓದುತ್ತಿದ್ದರು, ಬಾಡಿಗೆಗೆ ರೂಮು ಕೇಳುವ ಹುಡುಗರು ಪ್ರತಿ ಜೂನಿನಲ್ಲೂ ಬರುತ್ತಿದ್ದರು. ಕಿರಾಣಿಯವನಿಗೆ ಗಿರಾಕಿ ಇದ್ದರು, ಖಾನಾವಳಿಗೆ ಉಣ್ಣುವವರಿದ್ದರು. ಹಿರಿಯರು ನೆರೆಯ ಭಯವಿಲ್ಲದ ಎತ್ತರದಲ್ಲಿ ಕಾಲೇಜು ಕಟ್ಟಿದ್ದು ಜಾಗ ಸಿಕ್ಕಿತೆಂದೇ ಇರಬಹುದು. ಅದು ಮುಂದೆ ಒಂದು ಊರಿನ ಬದುಕನ್ನೇ ಉಳಿಸಿತು.

1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯಾಯಿತು. 2000ದಲ್ಲಿ ಇಲ್ಲಿ 68ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಶಾಂತಾದೇವಿ ಮಾಳವಾಡ. ಜಯದೇವಿತಾಯಿ ಲಿಗಾಡೆಯವರ ನಂತರ ಆ ಪೀಠವೇರಿದ ಎರಡನೆಯ ಮಹಿಳೆ. ಮುಳುಗಡೆಯ ನೋವು ಹಸಿಯಾಗಿದ್ದ ದಿನಗಳಲ್ಲಿ ಊರು ಕನ್ನಡಿಗರನ್ನೆಲ್ಲ ಕರೆದು ಉಣಬಡಿಸಿತು. 2002ರಲ್ಲಿ ನಿಜಲಿಂಗಪ್ಪನವರ ಹೆಸರಿನಲ್ಲಿ ವೈದ್ಯಕೀಯ ಕಾಲೇಜು ಬಂತು, ಅದರ ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರರ ಹೆಸರು. 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಅದಿರುವ ಜಾಗ ಉದ್ಯಾನಗಿರಿ. ಒಣಭೂಮಿಯ ಈ ಜಿಲ್ಲೆಯಲ್ಲಿ ದಾಳಿಂಬೆ, ದ್ರಾಕ್ಷಿ, ಲಿಂಬೆ ಬೆಳೆಯುವವರಿಗೆ ಅದು ಹತ್ತಿರದ ಆಸರೆ.

ಸುತ್ತಿನ ಊರುಗಳು

ಬಾಗಲಕೋಟೆಯಲ್ಲಿ ಹೊತ್ತಿದ ದೀಪದಿಂದ ಸುತ್ತಿನವರೂ ಹೊತ್ತಿಸಿಕೊಂಡರು. ಹುನಗುಂದದಲ್ಲಿ, ಇಳಕಲ್ಲಿನಲ್ಲಿ ವಿಜಯ ಮಹಾಂತೇಶನ ಹೆಸರಿನ ವಿದ್ಯಾವರ್ಧಕ ಸಂಘಗಳಿವೆ. ಗುಳೇದಗುಡ್ಡದಲ್ಲಿ ಭಂಡಾರಿ ಮತ್ತು ರಾಠಿ ಕಾಲೇಜಿದೆ. ಬಾದಾಮಿಯಲ್ಲಿ ವೀರಪುಲಿಕೇಶಿಯ ಹೆಸರಿನ ಸಂಸ್ಥೆಯಿದೆ. ಇವೆಲ್ಲ ಮಗ್ಗದ ಊರುಗಳು, ಕಲ್ಲಿನ ಊರುಗಳು. ಇಳಕಲ್ ಸೀರೆಯ ಟೋಪತೆನಿ ಸೆರಗು, ಗುಳೇದಗುಡ್ಡದ ಖಣ, ಇಳಕಲ್ಲಿನ ಕೆಂಪು ಗ್ರಾನೈಟು ಇವರ ಬಂಡವಾಳ. ನೇಯುವ ಮನೆಯ ಮಕ್ಕಳು ಮುಂಜಾನೆ ಮಗ್ಗದ ಮುಂದೆ ಕೂತು, ಆಮೇಲೆ ಕಾಲೇಜಿಗೆ ಹೋಗಿ ಓದಿದ್ದಾರೆ.

ಇಳಕಲ್ಲಿನ ಮಹಾಂತ ಅಪ್ಪಗಳನ್ನು ಈ ಮಾತಿನಲ್ಲಿ ಬಿಡುವ ಹಾಗಿಲ್ಲ. ಚಿತ್ತರಗಿ ಇಳಕಲ್ ಮಠದ ಅವರು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ದುಡ್ಡು ಕೇಳಲಿಲ್ಲ. ‘ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ’ ಎಂದು ಕೇಳಿದರು. ಕುಡಿಯುವವರು ಕುಡಿತ ಬಿಟ್ಟರು, ಬೀಡಿ ಸೇದುವವರು ಬೀಡಿಯ ಕಟ್ಟು ಹಾಕಿದರು. ಕುಡಿತ ನಿಂತ ಮನೆಯಲ್ಲಿ ಮಗಳ ಫೀಜಿಗೆ ದುಡ್ಡು ಉಳಿಯಿತು. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ.

ನಮ್ಮ ಬೇವೂರಿನಲ್ಲೂ ಆದರ್ಶ ವಿದ್ಯಾವರ್ಧಕ ಸಂಘದ ಪದವಿ ಕಾಲೇಜಿದೆ. ಹೊರಗಿನವರಿಗೆ ಇದು ಸಣ್ಣ ಸಂಗತಿ. ಹಳ್ಳಿಯಲ್ಲೇ ಪದವಿ ಸಿಗುವುದಾದರೆ ಎಷ್ಟು ಹೆಣ್ಣುಮಕ್ಕಳ ಹಾದಿ ಬದಲಾಗುತ್ತದೆ ಎಂಬುದು ಆ ಹೆಣ್ಣುಮಕ್ಕಳ ತಾಯಂದಿರಿಗೆ ಗೊತ್ತು. ‘ಪೇಟಿಗೆ ಕಳಸಾಂಗಿಲ್ಲ’ ಎಂದು ಹಟ ಹಿಡಿದ ಅಪ್ಪನಿಗೂ ಊರೊಳಗಿನ ಕಾಲೇಜಿಗೆ ಬೇಡವೆನ್ನಲು ಕಾರಣ ಸಿಗುವುದಿಲ್ಲ. ಮೂರು ವರ್ಷ ಓದಿದ ಮಗಳು ಬಿ.ಎಡ್. ಮಾಡುತ್ತೇನೆ, ಎಂ.ಎ. ಮಾಡುತ್ತೇನೆ ಎಂದು ಆಮೇಲೆ ತಾನೇ ಪೇಟೆಯ ಬಸ್ಸು ಹತ್ತುತ್ತಾಳೆ. 2023ರ ಜೂನಿನಿಂದ ಆ ಬಸ್ಸಿಗೆ ಅವಳು ಟಿಕೆಟಿನ ದುಡ್ಡನ್ನೂ ಕೊಡಬೇಕಿಲ್ಲ. ಮುಂಜಾನೆಯ ಬಾಗಲಕೋಟೆ ಬಸ್ಸಿನಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಸೀಟುಗಳಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡ ಹುಡುಗಿಯರೇ ಕಾಣುತ್ತಾರೆ. ಬುತ್ತಿಯ ಗಂಟು ಹೊತ್ತ ಅದೇ ದಾರಿ. ಅಂದು ತಾಯಿ ರೊಟ್ಟಿ ಕಟ್ಟಿ ಮಗನಿಗೆ ಕಳಿಸುತ್ತಿದ್ದಳು, ಇಂದು ಮಗಳು ತನ್ನ ಡಬ್ಬಿಯನ್ನು ತಾನೇ ಹಿಡಿದು ಹೋಗುತ್ತಾಳೆ. ಕಾಲೇಜಿನ ಸಾಂಪ್ರದಾಯಿಕ ದಿನದಂದು ಅವರೆಲ್ಲ ಅವ್ವನ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸ ತೊಟ್ಟು ಬರುವುದನ್ನು ನೋಡಬೇಕು. ಈ ಸೀಮೆಯ ಮಗ್ಗವೂ ಓದೂ ಅಂದು ಒಂದೇ ಅಂಗಳದಲ್ಲಿ ನಿಂತಿರುತ್ತವೆ.

ವಿದ್ಯಾಗಿರಿಯ ಕಡೆ ಹೋದವರು ಸಂಜೆ ಹೊತ್ತು ಹಿನ್ನೀರಿನ ದಂಡೆಗೂ ಹೋಗಬೇಕು. ಹೆರಕಲ್ ಕಡೆಯ ನೀರಿಗೆ ಚಳಿಗಾಲ ಕಳೆಯುವ ಹೊತ್ತಿಗೆ ರಾಜಹಂಸಗಳು ಬರುತ್ತವೆ. ಮುಚಖಂಡಿಯಲ್ಲಿ ಇಂಗ್ಲಿಷರ ಕಾಲದ ದೊಡ್ಡ ಕೆರೆಯಿದೆ, ವೀರಭದ್ರೇಶ್ವರನ ಗುಡಿಯಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಓಡುವ ಪ್ರವಾಸಿಗರು ಬಾಗಲಕೋಟೆಯಲ್ಲಿ ರೈಲು ಇಳಿದು ಸೀದಾ ಕಾರು ಹತ್ತುತ್ತಾರೆ. ಅರ್ಧ ದಿನ ಇಲ್ಲಿ ನಿಲ್ಲಿ. ಮಿರ್ಚಿ, ಗಿರಮಿಟ್ಟು ತಿನ್ನಿ, ಕಾಲೇಜು ಬಿಡುವ ಹೊತ್ತಿಗೆ ವಿದ್ಯಾಗಿರಿಯ ರಸ್ತೆಯಲ್ಲಿ ನಡೆಯಿರಿ, ಹಳೆ ಊರಿನ ಉಳಿದ ಓಣಿಗಳನ್ನು ಸುತ್ತಿ ಬನ್ನಿ.

ಉಳಿದ ಓಣಿಗಳು ಎಂದೆ. ಅವೂ ಎಷ್ಟು ದಿನವೋ. ಸದ್ಯ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವುದು 519.6 ಮೀಟರಿನವರೆಗೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಗೇಟು ಎತ್ತರಿಸಿದ ದಿನ ಹಳೆ ಊರಿನ ಇನ್ನಷ್ಟು ಭಾಗ, ಇನ್ನಷ್ಟು ಹಳ್ಳಿಗಳು ನೀರಿಗೆ ಹೋಗುತ್ತವೆ. ಬಯಲುಸೀಮೆಯ ಹೊಲಗಳಿಗೆ ಆ ನೀರು ಬೇಕು, ಅದನ್ನು ಬೇಡವೆನ್ನುವವರು ಇಲ್ಲಿ ಯಾರೂ ಇಲ್ಲ. ಆದರೆ ಹೋಗುವ ಓಣಿಗಳನ್ನು ಕಾಗದದ ಮೇಲಾದರೂ ಉಳಿಸಿಕೊಳ್ಳಲು ಈಗ ಸಮಯವಿದೆ.

ಅದಕ್ಕಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ಮುಳುಗಡೆಗೆ ಮುಂಚಿನ ಬಾಗಲಕೋಟೆಯ ಫೋಟೊಗಳಿದ್ದರೆ ಹೊರಗೆ ತೆಗೆಯಿರಿ. ಮದುವೆಯ ಮೆರವಣಿಗೆ, ಅಂಗಡಿಯ ಉದ್ಘಾಟನೆ, ಹೋಳಿಯ ಚಕ್ಕಡಿ, ಕಾಲೇಜಿನ ಗ್ರೂಪ್ ಫೋಟೊ, ಯಾವುದಾದರೂ ಸರಿ. ಹಿಂದುಗಡೆ ಪೇಟೆಯ ಹೆಸರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ನೆನಪಿರುವ ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆಯಿರಿ. ಒಂದು ಪ್ರತಿ ಮಾಡಿಸಿ ನೀವು ಓದಿದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕಾಲೇಜುಗಳು ಅವುಗಳಿಗಾಗಿ ಒಂದು ಕಪಾಟು ತೆರವು ಮಾಡಿಡಲಿ.